ರಾಹುಕಾಲ ಕಳೆದ ಮೇಲೆ ಬರೆದ ಬಯಾಸ್

ಜಯನಗರ ನಾಲ್ಕನೇ ಬ್ಲಾಕಿನ ಅಡ್ಡರಸ್ತೆಯೊಂದರಲ್ಲಿ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಅಲ್ಲಿ ನನಗೆ ಕೆಲಸ ಸಿಕ್ಕಿದಾಗ, ಹುಡುಗಿ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾನೂ ಹಾಗೆಯೇ ನಂಬಿದ್ದೆ. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮುಗಿಸಿದ್ದೆ, ಸೋಲ್ಡರಿಂಗ್ ಅಚ್ಚುಕಟ್ಟು ಎಂದು ಮೇಷ್ಟ್ರಿಂದ ಹೊಗಳಿಸಿಕೊಂಡಿದ್ದೆ. ಮೊದಲ ದಿನ ಬಾಸ್ ನನ್ನನ್ನು ಕೂರಿಸಿದ್ದು ಬಾಗಿಲ ಪಕ್ಕದ ಕೌಂಟರಿನಲ್ಲಿ, ಫೋನಿನ ಮುಂದೆ. ಹೆಣ್ಣುಮಗಳ ದನಿ ಕೇಳಿದರೆ ಗಿರಾಕಿಗಳು ಜಗಳ ಆಡುವುದಿಲ್ಲವಂತೆ. ಈ ನಂಬಿಕೆ ಎಷ್ಟು ಸುಳ್ಳು ಎಂಬುದು ಆ ಫೋನ್ ಎತ್ತಿದವರಿಗೆ ಮಾತ್ರ ಗೊತ್ತು.

ಒಳಗಡೆ ಉದ್ದನೆಯ ಬೆಂಚು. ಅದರ ಮುಂದೆ ಇಬ್ಬರು ಗಂಡಸರು, ಅವರ ಮುಂದೆ ಹೊಟ್ಟೆ ಬಿಚ್ಚಿಕೊಂಡು ಕೂತ ಕಂಪ್ಯೂಟರುಗಳು. ಬಾಸ್ ಅವರಿಬ್ಬರನ್ನೂ ದಿನಕ್ಕೆ ಮೂರು ಸಲ ಬಯ್ಯುತ್ತಿದ್ದರು. ಸ್ಕ್ರೂ ಕಳೆದರೆ, ಕೇಬಲ್ ತಿರುಗಮುರುಗ ಹಾಕಿದರೆ, ಕ್ಯಾಬಿನೆಟ್ ಮುಚ್ಚದೆ ಊಟಕ್ಕೆ ಎದ್ದರೆ, ಕೆಳಗಿನ ಬಳೆ ಅಂಗಡಿಯವರಿಗೂ ಕೇಳಿಸುವ ಹಾಗೆ ಬೈಗುಳ. ನನ್ನ ಹತ್ತಿರ ಬಂದರೆ ಮಾತ್ರ ದನಿ ಮೆತ್ತಗಾಗುತ್ತಿತ್ತು. ನಾನು ಒಂದು ಸಲ ಇಬ್ಬರು ಗಿರಾಕಿಗಳ ಮಾನಿಟರ್ ಅದಲು ಬದಲು ಮಾಡಿ ಕಳಿಸಿದಾಗಲೂ, ಪರವಾಗಿಲ್ಲಮ್ಮ, ಆಗುತ್ತೆ ಎಂದು ನಕ್ಕರು. ಮನೆಗೆ ಬಂದ ನೆಂಟರ ಮಗುವಿಗೆ ತೋರಿಸುವಂಥ ಸೌಜನ್ಯ ಅದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಂಟು ತಿಂಗಳು ಹೀಗೇ ಕಳೆಯಿತು. ಫೋನು ಸುಮ್ಮನಿದ್ದಾಗ ಮಾಡಲು ಕೆಲಸವಿಲ್ಲದೆ, ಕೌಂಟರಿನ ಕೆಳಗೆ ರಾಶಿ ಬಿದ್ದಿದ್ದ ಮದರ್‌ಬೋರ್ಡಿನ ಪುಸ್ತಕಗಳನ್ನು ಒಂದೊಂದಾಗಿ ಓದುತ್ತಿದ್ದೆ. ಬೋರ್ಡಿನ ಜೊತೆ ಡಬ್ಬಿಯಲ್ಲಿ ಬರುವ ಈ ತೆಳು ಪುಸ್ತಕಗಳನ್ನು ಬೆಂಚಿನವರು ಬಿಚ್ಚಿಯೂ ನೋಡುತ್ತಿರಲಿಲ್ಲ. ಒಬ್ಬರಂತೂ ಟೀ ಲೋಟ ಇಡಲು ಬಳಸುತ್ತಿದ್ದರು.

ಒಂದು ಗುರುವಾರ ಬೆಂಚಿನ ಇಬ್ಬರಲ್ಲಿ ಒಬ್ಬರು ರಜೆ ಹಾಕಿದ್ದರು, ಇನ್ನೊಬ್ಬರು, ಅಂದರೆ ಸೀನಿಯರ್, ಯಾವುದೋ ಆಫೀಸಿನ ಆರು ಕಂಪ್ಯೂಟರುಗಳ ನಡುವೆ ಸಿಕ್ಕಿಕೊಂಡಿದ್ದರು. ಕುಮಾರಸ್ವಾಮಿ ಲೇಔಟಿನ ಆಂಟಿಯೊಬ್ಬರದು ಬೆಳಗಿನಿಂದ ಮೂರನೇ ಫೋನು. ಅವರು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಜಾತಕ ಬರೆದುಕೊಡುತ್ತಿದ್ದರು. ಹಳೆಯ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿದೆ ಎಂದು ಹೊಸದು ತಂದಿದ್ದರು. ಅಷ್ಟು ದೊಡ್ಡ ಡಿಸ್ಕನ್ನು ಕಂಡೇ ಇರದ ಅವರ ಹಳೆಯ ಮದರ್‌ಬೋರ್ಡು, ಅದನ್ನು ಸಿಕ್ಕಿಸಿದ ಕೂಡಲೇ ಕಂಗಾಲಾಗಿ ನಿಂತುಬಿಡುತ್ತಿತ್ತು. ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಬೇಕು, ಅಷ್ಟೇ.

ಬಯಾಸ್ ಅಂದರೆ ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿರುವ ಪ್ರೋಗ್ರಾಮು. ಸ್ವಿಚ್ ಒತ್ತಿದ ಕೂಡಲೇ ಕಂಪ್ಯೂಟರನ್ನು ಎಬ್ಬಿಸಿ, ಇದು ನಿನ್ನ ಕೀಬೋರ್ಡು, ಇದು ನಿನ್ನ ಡಿಸ್ಕು ಎಂದು ಪರಿಚಯ ಮಾಡಿಸುವುದು ಅದರ ಕೆಲಸ. ಅದನ್ನು ಅಳಿಸಿ ಹೊಸದು ಬರೆಯಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದಲ್ಲಿ ಕರೆಂಟು ಹೋದರೆ ಮಾತ್ರ ಕಂಪ್ಯೂಟರ್ ಏಳುವುದೇ ಇಲ್ಲ.

ಬಾಸ್ ತಲೆ ಕೆರೆದುಕೊಂಡು ನನ್ನ ಕಡೆ ನೋಡಿದರು. "ನೋಡಮ್ಮ, ನೀನೇ ಹೋಗ್ಬಾ. ಸರಿಯಾಗ್ ಮಾಡ್ಕೊಂಡ್ ಬಂದ್ರೆ ಸೋಮವಾರದಿಂದ ಬೆಂಚಲ್ಲಿ ಕೂತ್ಕೋ. ಆಗ್ಲಿಲ್ಲ ಅಂದ್ರೆ ಫೋನ್ ನೋಡ್ಕೊಂಡು ಆರಾಮಾಗಿರು, ಏನೂ ತಪ್ಪಿಲ್ಲ."

ಆ 'ಏನೂ ತಪ್ಪಿಲ್ಲ' ಕೇಳಿಯೇ ನಾನು ಹಲ್ಲು ಕಚ್ಚಿ ಬ್ಯಾಗು ಎತ್ತಿದ್ದು. ಹೊರಡುವಾಗ ಹೊಸ ಬಯಾಸ್ ಇದ್ದ ಫ್ಲಾಪಿಯ ಜೊತೆ ಎರಡು ಖಾಲಿ ಫ್ಲಾಪಿ ಹೆಚ್ಚಿಗೆ ಹಾಕಿಕೊಂಡೆ. ಸೀನಿಯರ್ ಕೇಳಿದರು, ಅವು ಯಾಕೆಂದು. ಹಳೆಯ ಬಯಾಸನ್ನು ಕಾಪಿ ಮಾಡಿಟ್ಟುಕೊಳ್ಳಲು ಎಂದೆ. ಅವರು ಬೆಂಚಿಗೆ ಒರಗಿ ನಕ್ಕರು. ಅಪ್‌ಡೇಟ್ ಮಾಡುವ ಪ್ರೋಗ್ರಾಮು ಪ್ರತಿ ಸಲವೂ, ಈಗಿರುವುದನ್ನು ಉಳಿಸಿಕೊಳ್ಳಬೇಕೇ ಎಂದು ಕೇಳುತ್ತದೆ. ನಮ್ಮ ಅಂಗಡಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಬೇಡ ಎಂದು ಒತ್ತುತ್ತಿದ್ದರು. ನಾನಾದರೋ, ಹೊಸ ಮೊಸರು ಹೆಪ್ಪುಗಟ್ಟುವ ತನಕ ಹಳೆಯದರಲ್ಲಿ ಎರಡು ಚಮಚ ಬಟ್ಟಲಲ್ಲಿ ಮುಚ್ಚಿಡುವ ಅಮ್ಮನ ಕೈಕೆಳಗೆ ಬೆಳೆದವಳು. ನಗುವವರು ನಗಲಿ ಎಂದು ಮೆಟ್ಟಿಲಿಳಿದೆ.

ಬಸ್ಸು ಹಿಡಿದು ಆಂಟಿಯ ಮನೆ ತಲುಪಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಕೆಳಗೆ ಓನರ್ ಮನೆ, ಮೇಲೆ ಆಂಟಿಯ ಬಾಡಿಗೆ ಮನೆ. ಓನರ್ ಅಲ್ಲೇ ಹತ್ತಿರದ ಹಳ್ಳಿಯವರು. ಹೊಲ ಲೇಔಟ್ ಆದ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನಾನು ಹೋದಾಗ ಗೇಟಿನ ಪಕ್ಕ ಬೋರ್‌ವೆಲ್ಲಿಗೆ ಹೊಸ ಮೋಟಾರು ಇಳಿಸುತ್ತಿದ್ದರು. ಎಲೆಕ್ಟ್ರಿಷಿಯನ್ ವೈರು ಹಿಡಿದು ಕೂತಿದ್ದ, ಓನರ್ ಪಂಚೆ ಎತ್ತಿ ಕಟ್ಟಿ ಅವನಿಗೆ ಸಲಹೆ ಕೊಡುತ್ತಿದ್ದರು.

ಆಂಟಿ ಬಾಗಿಲು ತೆರೆದವರು ನನ್ನ ಹಿಂದೆ ಮೆಟ್ಟಿಲ ಮೇಲೆ ಇಣುಕಿದರು, ರಿಪೇರಿಯವರು ಎಲ್ಲಿ ಎಂದು. ನಾನೇ ಎಂದೆ. ಹೌದಾ ಎಂದು ಒಳಗೆ ಬಿಟ್ಟುಕೊಂಡರು. ನಾನು ಬ್ಯಾಗು ಬಿಚ್ಚುವಷ್ಟರಲ್ಲಿ ಗೋಡೆಯ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದರು. ಗುರುವಾರ ರಾಹುಕಾಲ ಒಂದೂವರೆಯಿಂದ ಮೂರು. ಮೂರು ಗಂಟೆ ಕಳೆಯದೆ ಚಿಪ್ಪು ಮುಟ್ಟುವ ಹಾಗಿಲ್ಲ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಊರಿಗೆಲ್ಲ ಹೊತ್ತು ನೋಡಿ ಹೇಳುವವಳು ನನ್ನ ಮನೆಯ ಕೆಲಸವನ್ನೇ ರಾಹುಕಾಲದಲ್ಲಿ ಮಾಡಿಸಲೇ ಎಂದರು. ವಾದ ಸರಿಯೇ ಇತ್ತು. ಕಾಪಿ ಮಾಡಿಕೊಳ್ಳುವುದು ಹೊಸ ಕೆಲಸವಲ್ಲ, ಇರುವುದನ್ನು ಕಾಪಾಡುವುದು ಎಂದು ನಾನು ವಾದಿಸಿದ್ದಕ್ಕೆ ಮಾತ್ರ ಒಪ್ಪಿದರು. ಹಾಗಾಗಿ ಹಳೆಯ ಬಯಾಸನ್ನು ಎರಡು ಫ್ಲಾಪಿಗೂ ಇಳಿಸಿಕೊಂಡು, ಮೇಲೆ ಪೆನ್ಸಿಲ್ಲಿನಲ್ಲಿ 'ಹಳೆಯದು' ಎಂದು ಬರೆದೆ. ಎರಡು ಯಾಕೆಂದರೆ, ಆ ಕಾಲದ ಫ್ಲಾಪಿಗಳನ್ನು ನಂಬುವ ಹಾಗಿರಲಿಲ್ಲ.

ಉಳಿದ ಹೊತ್ತಿಗೆ ಆಂಟಿ ಚಿತ್ರಾನ್ನ, ಮಜ್ಜಿಗೆ ಕೊಟ್ಟರು. ಮೇಜಿನ ಕೆಳಗೆ ಯುಪಿಎಸ್ ಇತ್ತು. ಹಸಿರು ದೀಪ ಉರಿಯುತ್ತಿತ್ತು. ಕರೆಂಟು ಹೋದರೂ ಇದು ಹತ್ತು ನಿಮಿಷ ಕಾಯುತ್ತದೆ ಎಂದು ನಾನು ನಿಶ್ಚಿಂತೆಯಿಂದ ತಿನ್ನುತ್ತಿದ್ದೆ. ಅಷ್ಟರಲ್ಲಿ ಓನರ್ ಮೇಲೆ ಬಂದು ಬಾಗಿಲಲ್ಲೇ ನಿಂತು, ಅಮ್ಮಾವ್ರೇ, ಮೋಟಾರ್ ಯಾವಾಗ ಹಾಕಲಿ ಎಂದು ಕೇಳಿದರು. ಮೂರಾದ ಕೂಡಲೇ ಹಾಕಿ, ಒಳ್ಳೆಯ ಹೊತ್ತು ಎಂದು ಆಂಟಿ ಹೇಳಿದರು. ಇದೆಲ್ಲ ನನ್ನ ಕಿವಿಯ ಮೇಲೆ ಸ್ಪಷ್ಟವಾಗಿ ಬಿತ್ತು. ತಲೆಗೆ ಮಾತ್ರ ಇಳಿಯಲಿಲ್ಲ. ಚಿತ್ರಾನ್ನ ಚೆನ್ನಾಗಿತ್ತು.

ಮೂರು ಹೊಡೆಯಿತು. ಆಂಟಿ ಕ್ಯಾಬಿನೆಟ್ಟಿಗೆ ಕುಂಕುಮ ಹಚ್ಚಿ ಕೈ ಮುಗಿದು, ಈಗ ಮಾಡು ಎಂದರು. ನಾನು ಹೊಸ ಬಯಾಸಿನ ಫ್ಲಾಪಿ ಹಾಕಿ ಶುರು ಮಾಡಿದೆ. ಪರದೆಯ ಮೇಲೆ ಬಿಳಿ ಚೌಕಗಳು ಒಂದರ ಪಕ್ಕ ಒಂದು ಕೂರತೊಡಗಿದವು. ಸಾಲು ಅರ್ಧ ದಾಟಿರಬಹುದು. ಕೆಳಗಿನಿಂದ ಗುಂಯ್ ಎಂಬ ಸದ್ದು, ಹಿಂದೆಯೇ ಮೀಟರ್ ಬೋರ್ಡಿನಲ್ಲಿ ಫಟ್ ಎಂದಿತು. ಫ್ಯಾನು ನಿಂತಿತು. ಮೇಜಿನ ಕೆಳಗಿನ ಯುಪಿಎಸ್ ಒಂದು ಸಲ ಕೀಕ್ ಎಂದು ಸತ್ತಿತು, ಜೊತೆಗೆ ಕಂಪ್ಯೂಟರೂ.

ಆಮೇಲೆ ಗೊತ್ತಾಯಿತು, ಆ ಯುಪಿಎಸ್ಸಿನ ಬ್ಯಾಟರಿ ಹೋಗಿ ಒಂದು ವರ್ಷವಾಗಿತ್ತು. ಪ್ಲಗ್ ಕಿತ್ತು ಒಂದು ಸಲ ಪರೀಕ್ಷೆ ಮಾಡಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು. ಮುಕ್ಕಾಲು ಗಂಟೆ ಅದರ ಪಕ್ಕದಲ್ಲೇ ಕೂತು ಮಜ್ಜಿಗೆ ಕುಡಿದಿದ್ದೆನೇ ಹೊರತು ಪ್ಲಗ್ ಕಿತ್ತು ನೋಡಿರಲಿಲ್ಲ. ಆ ತಪ್ಪು ನನ್ನದೇ.

ಫ್ಯೂಸು ಕಟ್ಟಿ ಐದು ನಿಮಿಷದಲ್ಲಿ ಕರೆಂಟು ಬಂತು. ಸ್ವಿಚ್ ಒತ್ತಿದೆ. ಒಳಗಿನ ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಇನ್ನೊಂದು ಸಲ ಒತ್ತಿದೆ. ಅದೇ ಕಪ್ಪು. ಆಂಟಿ ಏನಾಯಿತು ಏನಾಯಿತು ಎನ್ನುತ್ತಿದ್ದರು. ಬೆಂಚು ಕೈಬಿಟ್ಟು ಹೋಯಿತು, ಇನ್ನು ಸಾಯುವ ತನಕ ಹಲೋ ಹೇಳಿ ಎನ್ನುತ್ತಾ ಕೂರುವುದೇ ಗತಿ ಎಂದು ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗಿ, ಧೂಳು ಎಂದು ಹೇಳಿ ಒರೆಸಿಕೊಂಡೆ.

ಆಗ ನೆನಪಾಯಿತು ಕೌಂಟರಿನ ಕೆಳಗೆ ಓದಿದ್ದು. ಚಿಪ್ಪಿನ ಒಂದು ಸಣ್ಣ ಮೂಲೆಯನ್ನು ಅಪ್‌ಡೇಟ್ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಹಾಳಾದರೂ ಆ ಮೂಲೆಗೆ ಒಂದೇ ಒಂದು ಕೆಲಸ ಗೊತ್ತಿರುತ್ತದೆ, ಫ್ಲಾಪಿ ಡ್ರೈವಿನಲ್ಲಿ ಏನಾದರೂ ಇದೆಯೇ ಎಂದು ನೋಡುವುದು. ಪರದೆ ಬೆಳಗಿಸಲು ಕೂಡ ಅದಕ್ಕೆ ಬರುವುದಿಲ್ಲ. ತಾನಾಗಿ ಓಡುವ ಹಾಗೆ ಫ್ಲಾಪಿ ಸಿದ್ಧಮಾಡಿ ಹಾಕಿದರೆ, ಕತ್ತಲಲ್ಲೇ ಅದನ್ನು ಓದಿ ಚಿಪ್ಪನ್ನು ಮತ್ತೆ ಬರೆದುಕೊಳ್ಳುತ್ತದೆ. ಅಲ್ಲಿದ್ದ ಒಂದು ಮದರ್‌ಬೋರ್ಡಿನ ಪುಸ್ತಕದ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇದನ್ನು ಅಚ್ಚು ಹಾಕಿದ್ದರು. ಹೊಸ ಬಯಾಸ್ ಅರ್ಧಕ್ಕೆ ನಿಂತಿತ್ತು, ಅದು ಈ ಬೋರ್ಡಿಗೆ ಹೊಂದುತ್ತದೋ ಇಲ್ಲವೋ ಇನ್ನೂ ಖಾತ್ರಿ ಇರಲಿಲ್ಲ. ಹಳೆಯದಾದರೆ ಮೂರು ಗಂಟೆಯವರೆಗೂ ನಡೆದಿದ್ದು. ಅದು ನನ್ನ ಕೈಯಲ್ಲೇ ಇತ್ತು, ಎರಡೆರಡು.

ಫ್ಲಾಪಿ ಸಿದ್ಧಮಾಡಲು ಇನ್ನೊಂದು ಕಂಪ್ಯೂಟರ್ ಬೇಕು. ಮೇನ್ ರೋಡಿನಲ್ಲಿ ಒಂದು ಸೈಬರ್ ಕೆಫೆ ನೋಡಿದ್ದೆ. ಹತ್ತು ನಿಮಿಷ ಎಂದು ಆಂಟಿಗೆ ಹೇಳಿ ಓಡಿದೆ. ಅಲ್ಲಿ ಹೊರಗಿನ ಫ್ಲಾಪಿ ಹಾಕಬಾರದೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಕೆಫೆಯವರ ಮುಂದೆ ಎರಡೂ ಫ್ಲಾಪಿ ಇಟ್ಟು ನಡೆದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ನಾನು ನಾಲ್ಕು ಸಾಲು ಟೈಪ್ ಮಾಡುವ ತನಕ ಹಿಂದೆ ನಿಂತು ನೋಡಿ, ಸಖತ್ತಾಗಿದೆಯಲ್ಲ, ಇದು ನಮಗೂ ಗೊತ್ತಿರಬೇಕು ಎಂದರು.

ವಾಪಸ್ಸು ಬಂದರೆ ಆಂಟಿ ಕಂಪ್ಯೂಟರಿಗೆ ಅಡ್ಡವಾಗಿ ನಿಂತಿದ್ದರು. ನಾನು ಆ ಕಡೆ ಹೋದದ್ದೇ ತಡ, ಅಂಗಡಿಗೆ ಫೋನ್ ಮಾಡಿದ್ದರು. ಹುಡುಗಿ ಕೆಡಿಸಿಬಿಟ್ಟಳು, ಎಲ್ಲಿಗೋ ಎದ್ದು ಹೋದಳು ಎಂದು. ಸೀನಿಯರ್ ಬೈಕಿನಲ್ಲಿ ಹೊರಟಿದ್ದಾರಂತೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದೆಂದು ಬಾಸ್ ಹೇಳಿದ್ದಾರಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯಲ್ಲಿ ಎಂಟು ತಿಂಗಳು ನುಂಗಿಕೊಂಡಿದ್ದೆಲ್ಲ ಅಲ್ಲಿ ಬಂತು. "ಆಂಟಿ, ನಿಮ್ಮ ಕಂಪ್ಯೂಟರ್ ಕೆಟ್ಟಿದ್ದು ಕರೆಂಟ್ ಹೋಗಿ. ಕರೆಂಟ್ ಹೋಗಿದ್ದು ಕೆಳಗಡೆ ಮೋಟಾರ್ ಹಾಕಿ. ಓನರ್‌ಗೂ ಮೂರು ಗಂಟೆ ಅಂದ್ರಿ, ನಂಗೂ ಮೂರು ಗಂಟೆ ಅಂದ್ರಿ. ನಾನ್ ಬಂದಾಗ್ಲೇ ಮಾಡಿದ್ರೆ ಊಟಕ್ ಮುಂಚೆ ಮುಗ್ದಿರೋದು. ಯುಪಿಎಸ್ ನೋಡ್ದೇ ಇದ್ದಿದ್ದು ನನ್ ತಪ್ಪು, ಒಪ್ಕೋತೀನಿ. ಆದ್ರೆ ಹಳೇದನ್ನ ಉಳಿಸ್ಕೊಂಡಿದ್ದೀನಿ. ಐದು ನಿಮಿಷ ಬಿಡಿ, ಸರಿ ಮಾಡ್ತೀನಿ."

ಆಂಟಿ ಗಡಿಯಾರ ನೋಡಿದರು, ಕ್ಯಾಲೆಂಡರ್ ನೋಡಿದರು, ನನ್ನ ಮುಖ ನೋಡಿದರು. ಅವರು ಬಯ್ಯುತ್ತಾರೆಂದು ನಾನು ಕಾದೆ. ಅವರ ಮುಖ ಸಣ್ಣದಾಯಿತು. ಇಬ್ಬರಿಗೂ ಒಂದೇ ಹೊತ್ತು ಕೊಟ್ಟೆನಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಪಕ್ಕಕ್ಕೆ ಸರಿದರು. ನನಗೆ ಅಯ್ಯೋ ಅನಿಸಿತು. ಆದರೆ ಸಮಾಧಾನ ಹೇಳುತ್ತಾ ಕೂರಲು ಪುರಸೊತ್ತಿರಲಿಲ್ಲ, ಜಯನಗರದಿಂದ ಬೈಕಿಗೆ ಎಷ್ಟು ಹೊತ್ತು ಬೇಕು?

ಫ್ಲಾಪಿ ಹಾಕಿ ಸ್ವಿಚ್ ಒತ್ತಿದೆ. ಪರದೆ ಕಪ್ಪಗೇ ಇತ್ತು. ನಾಲ್ಕು ಸೆಕೆಂಡು, ಐದು ಸೆಕೆಂಡು, ಏನೂ ಇಲ್ಲ. ಆಮೇಲೆ ಫ್ಲಾಪಿ ಡ್ರೈವಿನ ಪುಟ್ಟ ದೀಪ ಹತ್ತಿತು. ಗರ್ ಗರ್ ಎಂದು ಓದುವ ಸದ್ದು. ಬದುಕಿದೆ, ಹುಡುಕುತ್ತಿದೆ. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ, ಇಬ್ಬರೂ ಕ್ಯಾಬಿನೆಟ್ಟಿಗೆ ಕಿವಿ ಕೊಟ್ಟು ಕೂತೆವು. ಸದ್ದು ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಈಗ ಬರೆಯುತ್ತಿದೆಯೋ, ಸೋತು ಕೂತಿದೆಯೋ ಹೇಳುವವರಿಲ್ಲ. ನಾನು ಮನಸ್ಸಿನಲ್ಲೇ ನೂರಿಪ್ಪತ್ತರ ತನಕ ಎಣಿಸಿದೆ. ಅರವತ್ತಕ್ಕೇ ಕೈ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡೆ.

ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಬೀಪ್ ಎಂದು ಒಂದೇ ಒಂದು ಸಲ, ಆರೋಗ್ಯವಾಗಿ ಕೂಗಿತು. ಪರದೆ ಬೆಳಗಿತು. ಮೆಮೊರಿಯ ಅಂಕಿಗಳು ಓಡತೊಡಗಿದವು. ಹಳೆಯ ಹಾರ್ಡ್ ಡಿಸ್ಕ್ ಎಂದಿನಂತೆ ಕರಕರ ಎಂದು ಎದ್ದಿತು. ಆಂಟಿ ನನ್ನ ಭುಜ ಹಿಡಿದು ಗಟ್ಟಿಯಾಗಿ ಒತ್ತಿದರು. ನಾನು ಈ ಸಲ ಧೂಳು ಎನ್ನದೆ ಅತ್ತೆ.

ಬಂದ ಕೆಲಸ ಇನ್ನೂ ಬಾಕಿ ಇತ್ತು. ಕೆಳಗಿಳಿದು ಓನರ್ ಹತ್ತಿರ ಹೋಗಿ, ಅಂಕಲ್, ಹದಿನೈದು ನಿಮಿಷ ಮೋಟಾರ್ ಮುಟ್ಟಬೇಡಿ ಎಂದು ಕೇಳಿದೆ. ಅವರಿಗೆ ವಿಷಯ ಪೂರ್ತಿ ಅರ್ಥವಾಗಲಿಲ್ಲ, ಮೇಲೆ ಏನೋ ಸೂಕ್ಷ್ಮದ ಕೆಲಸ ಎಂದು ಮಾತ್ರ ತಿಳಿಯಿತು. ಕುರ್ಚಿ ತರಿಸಿ ಮೀಟರ್ ಬೋರ್ಡಿನ ಮುಂದೆಯೇ ಹಾಕಿಕೊಂಡು ಕೂತರು. ಎಲೆಕ್ಟ್ರಿಷಿಯನ್ ಹತ್ತಿರ ಬಂದಾಗಲೆಲ್ಲ ಕೈ ಬೀಸಿ ಓಡಿಸಿದರು. ಮೇಲೆ ಬಂದು ಮತ್ತೆ ಅಪ್‌ಡೇಟ್ ಶುರು ಮಾಡಿದೆ. ಆಂಟಿಯ ಕಣ್ಣು ಅಭ್ಯಾಸಬಲದಿಂದ ಕ್ಯಾಲೆಂಡರಿನ ಕಡೆ ಹೊರಟಿತು, ಅರ್ಧಕ್ಕೇ ಹಿಂದೆ ಬಂತು. ಬಿಳಿ ಚೌಕಗಳ ಸಾಲು ಈ ಸಲ ಕೊನೆ ಮುಟ್ಟಿತು. ಹೊಸ ಡಿಸ್ಕ್ ಸಿಕ್ಕಿಸಿದರೆ ಬೋರ್ಡು ತಕರಾರಿಲ್ಲದೆ ಗುರುತಿಸಿತು.

ಸೀನಿಯರ್ ಬಂದಾಗ ನಾನು ಜಾತಕದ ಫೈಲುಗಳನ್ನು ಹೊಸ ಡಿಸ್ಕಿಗೆ ಕಾಪಿ ಮಾಡುತ್ತಿದ್ದೆ. ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಂತೆ. ಪರದೆ ನೋಡಿದರು, ಸುತ್ತ ಒಂದು ಸಲ ನೋಡಿದರು, ಏನೂ ಆಗೇ ಇಲ್ಲವಲ್ಲ ಎಂದರು. ಆಂಟಿ ನನ್ನ ಕಡೆ ನೋಡಿದರು. ಹೇಳಿದರೆ ತಮ್ಮ ಮುಹೂರ್ತದ ಕತೆಯೂ ಹೊರಬೀಳುತ್ತದೆ ಎಂಬ ಭಯ ಅವರ ಮುಖದ ಮೇಲಿತ್ತು. ನಾನು ಮತ್ತೆ ಫೈಲುಗಳ ಕಡೆ ತಿರುಗಿದೆ. ಸೀನಿಯರ್ ಕಾಫಿ ಕುಡಿದು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಕರೆತಂದರು. ದಾರಿಯುದ್ದಕ್ಕೂ ಹೆದರುಪುಕ್ಕಲ ಗಿರಾಕಿಗಳ ಬಗ್ಗೆ ಮಾತಾಡಿದರು.

ಅಂಗಡಿಗೆ ಬಂದವರೇ ಬಾಸಿಗೆ ವರದಿ ಒಪ್ಪಿಸಿದರು: ಏನೂ ಆಗಿರಲಿಲ್ಲ, ಆಂಟಿ ಸುಮ್ಮನೆ ಗಾಬರಿ ಬಿದ್ದಿದ್ದರು, ಕೆಲಸವೂ ಆಗಿದೆ. ಬಾಸ್ ಮುಖ ಅರಳಿತು. ಸದ್ಯ ಎಂದರು. ನನ್ನ ಕಡೆ ತಿರುಗಿ, ಹಾಗಾದರೆ ಸೋಮವಾರದಿಂದ ಬೆಂಚಿಗೆ ಬಂದುಬಿಡಮ್ಮ ಎಂದರು. ಅದೇ ಮೆತ್ತನೆಯ ದನಿ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬೇಕಾದದ್ದು ಕೈಗೆ ಬಂದಾಗಿತ್ತು. ಆದರೆ ಅದು ಬಂದದ್ದು ಏನೂ ಆಗಲಿಲ್ಲ ಎಂಬ ಕಾರಣಕ್ಕೆ. ಸತ್ತದ್ದನ್ನು ಎಬ್ಬಿಸಿದ ದಿನವೇ, ಏನೂ ಆಗದೆ ಕಳೆದ ದಿನದ ಲೆಕ್ಕಕ್ಕೆ ಬೆಂಚು ಹತ್ತುವುದು ನನ್ನಿಂದ ಆಗಲಿಲ್ಲ.

"ಆಗಿತ್ತು ಸಾರ್," ಎಂದೆ. "ಪೂರ್ತಿ ಹೋಗಿತ್ತು. ಬರೀತಿರುವಾಗ ಕರೆಂಟ್ ಹೋಯ್ತು. ಹಳೇ ಬಯಾಸ್ ಕಾಪಿ ಇತ್ತು, ಅದನ್ನ ವಾಪಸ್ ಬರ್ದೆ."

ಸೀನಿಯರ್ ಕೈಯಲ್ಲಿದ್ದ ಹೆಲ್ಮೆಟ್ ಅಲ್ಲೇ ನಿಂತಿತು. ಪರದೆ ಇಲ್ಲದೆ ಹೇಗೆ ಎಂದು ಬಾಸ್ ಕೇಳಿದರು, ಹೇಳಿದೆ. ಓದಿದ ಪುಸ್ತಕ ಯಾವುದು ಎಂದು ಕೇಳಿದರು, ಕೌಂಟರಿನ ಕೆಳಗಿನಿಂದ ತೆಗೆದು ಕೊಟ್ಟೆ. ಮುಹೂರ್ತದ ವಿಷಯವನ್ನು ಮಾತ್ರ ನುಂಗಿಕೊಂಡೆ. ಬಾಸ್ ಪುಸ್ತಕದ ಕೊನೆಯ ಪುಟ ಓದಿ ಮುಗಿಸಿ ನಿಧಾನವಾಗಿ ತಲೆಯೆತ್ತಿದರು.

"ಯುಪಿಎಸ್ ಇರ್ಲಿಲ್ವಾ?"

"ಇತ್ತು ಸಾರ್. ಬ್ಯಾಟರಿ ಹೋಗಿತ್ತು. ನಾನು ಟೆಸ್ಟ್ ಮಾಡ್ಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಮೊದಲು ಪುಸ್ತಕವನ್ನು ಮೇಜಿಗೆ ಬಡಿದರು. ತಲೆಯಲ್ಲಿ ಏನಿದೆ ಎಂದು ಕೇಳಿದರು. ಹಸಿರು ದೀಪ ಕಂಡರೆ ಸಾಕಾ, ದೀಪ ನೋಡಲು ದೇವಸ್ಥಾನಕ್ಕೆ ಹೋಗಿದ್ದೆಯಾ ಎಂದರು. ಡಿಪ್ಲೊಮಾ ಕೊಟ್ಟವರನ್ನು ಬಯ್ದರು, ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ತಮ್ಮನ್ನೇ ಬಯ್ದುಕೊಂಡರು. ದನಿ ಏರುತ್ತಾ ಹೋಯಿತು. ಕೆಳಗಿನ ಬಳೆ ಅಂಗಡಿಯಲ್ಲಿ ಮಾತು ನಿಂತದ್ದು ನನಗೆ ತಿಳಿಯಿತು. ಸೀನಿಯರ್ ಗೋಡೆ ನೋಡುತ್ತಾ ನಿಂತಿದ್ದರು, ತಮ್ಮ ಪಾಳಿ ಅಲ್ಲವಲ್ಲ ಎಂಬ ನೆಮ್ಮದಿಯಿಂದ.

"ಇನ್ನೊಂದ್ ಸಲ ಪ್ಲಗ್ ಕಿತ್ತು ನೋಡ್ದೆ ಚಿಪ್ ಮುಟ್ಟು, ಸ್ಕ್ರೂಡ್ರೈವರ್ ಕಿತ್ಕೊಂಡು ಆಚೆ ಹಾಕ್ತೀನಿ," ಎಂದು ಹೇಳಿ ಬಾಸ್ ಒಳಗೆ ಹೋದರು.

ಎಂಟು ತಿಂಗಳಲ್ಲಿ ಅವರು ನನ್ನನ್ನು ಬಯ್ದದ್ದು ಅದೇ ಮೊದಲು. ಅವತ್ತಿನಷ್ಟು ಸಂತೋಷ ನನಗೆ ಆಮೇಲೆ ಯಾವ ಹೊಗಳಿಕೆಯಿಂದಲೂ ಆಗಿಲ್ಲ.